ಹಂಗಳದ ಹೊಲದಿಂದ ಬರುವ ‘ಓ’

ಚೆಂಡುಹೂವಿನ ಹಸಿ ವಾಸನೆ ನಿಮಗೆ ಗೊತ್ತಿರಬಹುದು. ದೇವರ ಪಟದ ಮೇಲಿನ ಎರಡು ಹೂವಿನ ವಾಸನೆಯಲ್ಲ, ಚೀಲಗಟ್ಟಲೆ ಹೂವು ಲಾರಿಯಲ್ಲಿ ಒಂದರ ಮೇಲೊಂದು ಕೂತು ಬಿಸಿಯೇರಿದಾಗ ಬರುವ ಘಾಟು. ಇವತ್ತು ಬೆಳಿಗ್ಗೆ ಗುಂಡ್ಲುಪೇಟೆ ಬಸ್ ನಿಲ್ದಾಣದ ಮುಂದೆ ಅಂಥದೊಂದು ಲಾರಿ ಹಾದುಹೋಯಿತು. ನಾನು ಹಂಗಳದ ಬಸ್ಸಿಗೆ ಕಾಯುತ್ತಿದ್ದೆ. ಕೈಯಲ್ಲಿದ್ದ ಕಾಫಿ ಲೋಟವನ್ನು ಕಟ್ಟೆಯ ಮೇಲಿಟ್ಟೆ. ಎರಡು ವರ್ಷದಿಂದ ಈ ವಾಸನೆ ಬಂದಾಗಲೆಲ್ಲ ಹೀಗೇ ಮಾಡುತ್ತೇನೆ.

ನನ್ನ ಕೆಲಸವನ್ನು ಮೊದಲು ಹೇಳಿಬಿಡುತ್ತೇನೆ. ಊರು ಹರದನಹಳ್ಳಿ, ಕೆಲಸ ಚಾಮರಾಜನಗರದ ಒಂದು ಸಣ್ಣ ಸಂಸ್ಥೆಯಲ್ಲಿ. ಡೇಟಾ ಪೈಪ್‌ಲೈನ್ ನೋಡಿಕೊಳ್ಳುತ್ತೇನೆ ಎಂದು ಒಮ್ಮೆ ಬಾಯಿತಪ್ಪಿ ಪಕ್ಕದ ಮನೆಯವರಿಗೆ ಹೇಳಿದ್ದಕ್ಕೆ, ಅವರು ಮಾರನೆಯ ದಿನ ತಮ್ಮ ಡ್ರಿಪ್ ಪೈಪಿನ ಸೋರುವ ಜಾಯಿಂಟು ಹಿಡಿದು ಬಂದಿದ್ದರು. ಅದನ್ನೂ ಸರಿ ಮಾಡಿಕೊಟ್ಟೆ. ನಿಜವಾದ ಕೆಲಸ ಇಷ್ಟು: ಕಾಡಂಚಿನ ಕ್ಯಾಮೆರಾಗಳಲ್ಲಿ ಆನೆ ಕಂಡರೆ ಆ ಮಾಹಿತಿ ದೂರದ ಇನ್ಯಾರದೋ ಕಂಪ್ಯೂಟರಿಗೆ ಹೋಗುತ್ತದೆ. ಆ ಕಂಪ್ಯೂಟರಿಗೊಂದು ಕಿಟಕಿಯಿದೆ, ಎಪಿಐ ಎನ್ನುತ್ತಾರೆ. ನನ್ನ ಪ್ರೋಗ್ರಾಂ ಹದಿನೈದು ನಿಮಿಷಕ್ಕೊಮ್ಮೆ ಆ ಕಿಟಕಿಗೆ ಹೋಗಿ ‘ಆನೆ ಕಂಡವೇ?’ ಎಂದು ಕೇಳುತ್ತದೆ. ಬಂದ ಉತ್ತರ ಮುಂಜಾನೆ ಐದೂಮುಕ್ಕಾಲಿಗೆ ಮೆಸೇಜಾಗಿ ಹಂಗಳದ ಕಡೆ ಹೂವು ಬಿಡಿಸುವ ಹೆಂಗಸರ ಫೋನಿಗೆ ಹೋಗುತ್ತದೆ. ಇದೆ, ಇಲ್ಲ. ಆಗ ಎರಡೇ ಮೆಸೇಜು ಇದ್ದವು.

ನಾನು ಎರಡು ತಪ್ಪು ಮಾಡಿದ್ದೆ. ಎರಡನ್ನೂ ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದೆ, ಅದೇ ಕಷ್ಟ. ಮೊದಲನೆಯದು, ಕಿಟಕಿ ಯಾವಾಗಲಾದರೂ ಮುಚ್ಚಿದ್ದರೆ ಪ್ರೋಗ್ರಾಂ ಅಲ್ಲೇ ನಿಂತುಬಿಡುತ್ತಿತ್ತು. ಆಫೀಸಿನ ಮಾದೇಶ ಪ್ರತಿಸಲವೂ ನಾನು ತಿಂಡಿಗೆ ಕೂತಾಗಲೇ ಫೋನು ಮಾಡಿ, “ನಿಮ್ ಪೈಪು ಕಟ್ಕಂಡದೆ ಕಣಕ್ಕ, ಇಡ್ಲಿ ಬುಟ್ಟು ಬನ್ನಿ” ಎನ್ನುತ್ತಿದ್ದ. ಬೇಸತ್ತು ಒಂದು ಸಾಲು ಸೇರಿಸಿದೆ: ಏನೇ ತೊಂದರೆಯಾದರೂ ಕಂಡ ಆನೆಗಳ ಪಟ್ಟಿ ಖಾಲಿ ಎಂದುಕೊಂಡು ಮುಂದೆ ಹೋಗು. ಆಮೇಲೆ ಯಾವತ್ತೂ ನಿಲ್ಲಲಿಲ್ಲ. ಎಷ್ಟು ಹೆಮ್ಮೆಪಟ್ಟೆ ಎಂದರೆ, ಮಾದೇಶನಿಗೆ ಅವತ್ತು ಮಸಾಲೆದೋಸೆ ಕೊಡಿಸಿದೆ.

ಎರಡನೆಯದು, ಸುದ್ದಿ ಇನ್ನೂ ಬೇಗ ಸಿಗಲಿ ಎಂದು ಎರಡು ವರ್ಷದ ಹಿಂದೆ ಒಂದು ಸಂಜೆ ಹದಿನೈದು ನಿಮಿಷವನ್ನು ಒಂದು ನಿಮಿಷ ಮಾಡಿದೆ. ಕಿಟಕಿಯಲ್ಲಿ ಕೂತವರನ್ನು ನಿಮಿಷಕ್ಕೊಮ್ಮೆ ಅದೇ ಪ್ರಶ್ನೆ ಕೇಳಿದರೆ ಏನು ಮಾಡುತ್ತಾರೆ? ‘ತುಂಬ ಸಲ ಕೇಳಿದ್ದೀಯ, ಆಮೇಲೆ ಬಾ’ ಎಂದು ಬಾಗಿಲು ಹಾಕಿಕೊಳ್ಳುತ್ತಾರೆ.

ಮರುದಿನ ಬೆಳಿಗ್ಗೆ ಆರೂಮುಕ್ಕಾಲಿಗೆ ಮನೆಯಲ್ಲಿ ಲ್ಯಾಪ್‌ಟಾಪ್ ತೆರೆದೆ. ನಾಲ್ಕು ಗಂಟೆಯಿಂದ ಸಾಲುಸಾಲಾಗಿ ಒಂದೇ ಉತ್ತರ: ಆಮೇಲೆ ಬಾ. ಅದರ ಕೆಳಗೆ ನನ್ನ ಪ್ರೋಗ್ರಾಂ ಅಚ್ಚುಕಟ್ಟಾಗಿ ಬರೆದುಕೊಂಡಿತ್ತು: ಆನೆ ಸೊನ್ನೆ. ಮೆಸೇಜು ಕಳಿಸಲಾಗಿದೆ: ‘ಈ ಹೊತ್ತು ಆನೆ ಇಲ್ಲ.’

ಪುಟ್ಟತಾಯಮ್ಮನಿಗೆ ಫೋನು ಮಾಡಿದೆ. ಹಂಗಳದ ಹೆಂಗಸರ ಗುಂಪಿಗೆ ಅವಳೇ ಮುಂದಾಳು, ಮೆಸೇಜನ್ನು ಓದಿ ಉಳಿದವರಿಗೆ ಹೇಳುವವಳು. ರಿಂಗಾಯಿತು, ಎತ್ತಲಿಲ್ಲ. ಮೂರು ಸಲ. ಆ ಹೊತ್ತಿಗೆ ಅವರು ಹೊಲಕ್ಕಿಳಿದು ಮುಕ್ಕಾಲು ಗಂಟೆಯಾದರೂ ಆಗಿರಬೇಕಿತ್ತು. ಮಾದೇಶನಿಗೂ ಫೋನು ಮಾಡಿ ಹೇಳಿದೆ. “ತಿದ್ದಿ ಇನ್ನೊಂದು ಮೆಸೇಜು ಕಳುಸ್ತೀನಿ, ನೀವು ಹೊರಡಿ” ಎಂದ. ತಮಾಷೆ ಮಾಡಲಿಲ್ಲ. ಅದರಿಂದಲೇ ಇನ್ನೂ ಹೆದರಿಕೆಯಾಯಿತು.

ಸ್ಕೂಟರಿನಲ್ಲಿ ಹೊರಟೆ. ಚಾಮರಾಜನಗರ ದಾಟಿದ್ದು ನೆನಪಿದೆ, ತೆರಕಣಾಂಬಿ ದಾಟಿದ್ದು ನೆನಪಿಲ್ಲ. ಗುಂಡ್ಲುಪೇಟೆಗೆ ಬಂದಾಗ ಎದುರಿಗೊಂದು ಹೂವಿನ ಲಾರಿ ಅಡ್ಡ ನಿಂತಿತ್ತು. ಅದು ಹಿಂದಕ್ಕೆ ಮುಂದಕ್ಕೆ ಆಡಿ ದಾರಿ ಬಿಡುವವರೆಗೆ ಆ ಘಾಟಿನಲ್ಲಿ ನಿಂತು, ಅವತ್ತು ಹೂವು ಬಿಡಿಸುವವರು ಯಾರು ಯಾರು ಎಂದು ಲೆಕ್ಕ ಹಾಕುತ್ತಿದ್ದೆ. ಪುಟ್ಟತಾಯಮ್ಮನನ್ನೂ ಸೇರಿಸಿ ಆರು ಜನ.

ಹಂಗಳ ದಾಟಿ ಹೊಲದ ಹಾದಿಗೆ ತಿರುಗಿದೆ. ಬೇವಿನ ಮರದ ಕೆಳಗೆ ಆರೂ ಜನ ಕೂತಿದ್ದರು. ಬೆರಳಿಟ್ಟು ಎಣಿಸಿದೆ. ಖಾಲಿ ಚೀಲಗಳು ಪಕ್ಕದಲ್ಲಿದ್ದವು. ರಾಗಿರೊಟ್ಟಿ ತಿನ್ನುತ್ತಿದ್ದರು.

“ಯಾಕಮ್ಮಿ, ಯಾರಾರ ಅಟ್ಟಾಡಿಸ್ಕಂಡ್ ಬಂದ್ರಾ? ಮಖ ನೋಡು, ಬೆವ್ತೋಗದೆ” ಎಂದಳು ಪುಟ್ಟತಾಯಮ್ಮ.

ಸ್ಕೂಟರಿಗೆ ಸ್ಟ್ಯಾಂಡು ಹಾಕುವುದನ್ನು ಮರೆತೆ. ಅದು ಬಿತ್ತು. ಅವರೆಲ್ಲ ನಕ್ಕರು. ಆ ನಗು ಕೇಳಿ ನನಗೆ ಅಳು ಬಂತು.

“ಮೆಸೇಜು ಬರಲಿಲ್ವಾ?”

“ಬಂದಿತ್ತು. ಆನೆ ಇಲ್ಲ ಅಂತಿತ್ತು. ಓದ್ಬುಟ್ಟು ಇಲ್ಲಿ ನಿಂತ್ಕಂಡು ಕೂಗಾಕ್ದೊ. ನಮ್ ಸಿದ್ದ ಓ ಅನ್ನಲಿಲ್ಲ. ಕೂತ್ಕಂಡೊ.”

ಸಿದ್ದ ಎಂದರೆ ಅವಳ ಮೈದುನ, ಹೊಲದ ನಡುವಿನ ಅಟ್ಟಣೆಯ ಮೇಲೆ ಕಾವಲಿರುವವನು. ಅಲ್ಲಿಯವರ ಪದ್ಧತಿ ಹೀಗೆ: ಹೊಲಕ್ಕೆ ಕಾಲಿಡುವ ಮುಂಚೆ ಬದುವಿನಲ್ಲಿ ನಿಂತು ‘ಕೂ’ ಎಂದು ಕೂಗಬೇಕು. ಅಟ್ಟಣೆಯಿಂದ ‘ಓ’ ಎಂದು ಬಂದರೆ ಇಳಿಯಬೇಕು. ಬರದಿದ್ದರೆ ಕೂರಬೇಕು. ಇದು ನನಗೆ ಗೊತ್ತೇ ಇರಲಿಲ್ಲ. ಅವರಿಗೆ ಮೆಸೇಜು ಕಳಿಸಲು ಶುರುಮಾಡಿ ಏಳು ತಿಂಗಳಾಗಿತ್ತು.

“ನಿದ್ದೆ ಮಾಡ್ತಿರಬಹುದು ಅಂತ ಅನ್ನಿಸಲಿಲ್ವಾ?”

“ಮಲ್ಗಿದ್ರೂ ಮಲ್ಗಿರ್ಬೋದು. ಅದು ನಂಗೆಂಗ್ ಗೊತ್ತು?”

ಅಷ್ಟರಲ್ಲಿ ನಮ್ಮ ಮಾತು ಕೇಳಿಸಿಕೊಳ್ಳುತ್ತ ಸಿದ್ದನೇ ಬಂದ. ತಲೆಗೆ ಟವೆಲ್ಲು, ಕೈಯಲ್ಲಿ ಟಾರ್ಚು. “ಅತ್ತಿಗೆ ಕೂಗದು ಕೇಳುಸ್ತಿತ್ತು ಕಣಕ್ಕ. ಎಲ್ಡಾನೆ ಬಂದಿದ್ದೊ, ಈಗ್ ಓದೊ. ಒಂದು ನನ್ ಅಟ್ಟಣೆ ಕಂಬಕ್ಕೆ ಬೆನ್ನು ಉಜ್ತಾ ನಿಂತ್ಬುಡ್ತು. ಓ ಅನ್ನಕ್ಕೆ ಬಾಯಿ ಎಲ್ಲಿತ್ತು?” ನನ್ನ ಕಡೆ ತಿರುಗಿ, “ಆನೆ ಇಲ್ಲ ಅಂತ ನಿಮ್ ಕಂಪ್ಯೂಟ್ರು ಯೋಳಿತ್ತಂತಲ್ಲ. ಆನೆಗೆ ಮೆಸೇಜು ಓಗಿರ್ಲಿಲ್ಲ ಅಂತ ಕಾಣ್ತದೆ” ಎಂದ.

ಫೋನು ಯಾಕೆ ಎತ್ತಲಿಲ್ಲ ಎಂದು ಕೇಳಿದೆ. ಸಿದ್ದನ ‘ಓ’ ಬರದಿದ್ದಾಗ ಪುಟ್ಟತಾಯಮ್ಮ ಫೋನಿನ ಸದ್ದು ನಿಲ್ಲಿಸಿ ಚೀಲದ ತಳಕ್ಕೆ ಹಾಕಿದ್ದಳಂತೆ, ಆನೆ ಬೆದರಬಾರದೆಂದು. ಆಮೇಲೆ ಮರೆತಿದ್ದಳು. ಮಾದೇಶನ ಮೆಸೇಜೂ ಅಲ್ಲೇ ಬಿದ್ದಿತ್ತು.

ತಪ್ಪು ನನ್ನದು ಎಂದು ಹೇಳಿದೆ. ಹೇಗಾಯಿತೆಂದು ಕಿಟಕಿಯ ಕಥೆಯನ್ನೂ ಹೇಳಿದೆ. ಪುಟ್ಟತಾಯಮ್ಮ ರೊಟ್ಟಿಯ ಮೇಲೆ ಹುಚ್ಚೆಳ್ಳು ಚಟ್ನಿ ಹಾಕಿ ನನ್ನ ಕೈಗೆ ಕೊಟ್ಟು, ನಿಧಾನವಾಗಿ ಕೇಳಿದಳು:

“ಕಿಟ್ಕಿಯೋರು ನಿಂಗೇನಂದ್ರು?”

“ಆಮೇಲೆ ಬಾ ಅಂದ್ರು.”

“ಆಮೇಕೆ ಬಾ ಅಂದ್ರೆ, ಆನೆ ಇಲ್ಲ ಅಂತ ನಮ್ಗ್ಯಾಕಮ್ಮಿ ಯೋಳ್ದೆ?”

ಕೋಪದಲ್ಲಿ ಕೇಳಿದ್ದಲ್ಲ. ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದ್ದು.

ಅವತ್ತೇ ಆಫೀಸಿಗೆ ಹೋಗಿ ಆ ಸಾಲನ್ನು ಅಳಿಸಿದೆ. ಒಂದು ನಿಮಿಷವನ್ನು ಮತ್ತೆ ಹದಿನೈದು ಮಾಡಿದೆ. ಆಮೇಲೆ ಬಾ ಎಂದರೆ ಸುಮ್ಮನೆ ಕಾಯುವುದನ್ನು ಪ್ರೋಗ್ರಾಮಿಗೆ ಕಲಿಸಿದೆ. ಮೂರನೆಯದೊಂದು ಮೆಸೇಜು ಸೇರಿಸಿದೆ: ‘ಉತ್ತರ ಬಂದಿಲ್ಲ. ಗೊತ್ತಿಲ್ಲ. ಕೂಗಿ ನೋಡಿ.’ ಮಾದೇಶ ಓದಿ, “ಇದ್ನ ಕಳ್ಸಕ್ಕೆ ಇಷ್ಟೊಂದು ಕಂಪ್ಯೂಟ್ರು ಬೇಕಾ ಅಕ್ಕ?” ಎಂದ. ಬೇಕು ಎಂದೆ.

ಇವತ್ತು ಲಾರಿ ಹೋದ ಮೇಲೂ ವಾಸನೆ ಸ್ವಲ್ಪ ಹೊತ್ತು ನಿಂತಿತ್ತು. ಐದೂಮುಕ್ಕಾಲು. ಫೋನು ಸದ್ದು ಮಾಡಿತು. ಅವರಿಗೆ ಹೋಗುವ ಮೆಸೇಜು ನನಗೂ ಬರುವಂತೆ ಮಾಡಿಕೊಂಡಿದ್ದೇನೆ. ಗೊತ್ತಿಲ್ಲ, ಎಂದಿತ್ತು. ಪುಟ್ಟತಾಯಮ್ಮನಿಗೆ ಫೋನು ಮಾಡಿದೆ. ಎರಡನೇ ರಿಂಗಿಗೆ ಎತ್ತಿದಳು.

“ಬಂತು ಕಣಮ್ಮಿ, ಓದ್ದೆ. ಇರು, ಕೂಗ್ತೀನಿ.”

ಫೋನನ್ನು ಕಿವಿಗೆ ಒತ್ತಿ ಹಿಡಿದೆ. ಅವಳು ಕೂಗಿದಳು. ಆಮೇಲೆ ಏನೂ ಇಲ್ಲ, ಗಾಳಿ ಮಾತ್ರ. ನನ್ನ ಬಸ್ಸು ಬಂತು. ಕಂಡಕ್ಟರು ಹಂಗಳ, ಹಂಗಳ ಎಂದು ಕರೆಯುತ್ತಿದ್ದ. ನಾನು ಏಳಲಿಲ್ಲ.

ಬಹಳ ದೂರದಿಂದ, ಸಣ್ಣಗೆ, ‘ಓ’ ಎಂದು ಬಂತು.

ಕಟ್ಟೆಯ ಮೇಲಿದ್ದ ಕಾಫಿ ಆರಿತ್ತು. ಅದನ್ನು ಪೂರ್ತಿ ಕುಡಿದು ಬಸ್ಸು ಹತ್ತಿದೆ.