ಕಲೆ ನುಂಗುವ ಲೆನ್ಸು

ಅರವತ್ತರ ದಶಕದಲ್ಲಿ ಕೊಳ್ಳೇಗಾಲದಲ್ಲಿ ನನಗೊಂದು ಸ್ಟುಡಿಯೋ ಇತ್ತು. ಸ್ಟುಡಿಯೋ ಅಂದರೆ ಒಂದು ಕೋಣೆ, ಒಂದು ಪರದೆ, ಒಂದು ಮರದ ಕ್ಯಾಮೆರಾ, ಅದರ ಮೂತಿಗೆ ಹಿತ್ತಾಳೆ ಸುತ್ತಿನ ಹಳೇ ಜರ್ಮನ್ ಲೆನ್ಸು. ಗುಂಡಿ ಒತ್ತುವ ಮಾತೇ ಇಲ್ಲ. ಮುಚ್ಚಳ ತೆಗೆದು, ಒಂದು, ಎರಡು, ಮೂರು ಎಂದು ಎಣಿಸಿ, ಮತ್ತೆ ಮುಚ್ಚಬೇಕು. ಎದುರು ಸಾಲಿನ ಸ್ಟುಡಿಯೋದವನು ಮದ್ರಾಸಿನಿಂದ ಹೊಸ ಕ್ಯಾಮೆರಾ ತಂದು ಟಿಕ್ ಅನ್ನಿಸಿದಾಗ ನಾನು ನಕ್ಕೆ. ಟಿಕ್ ಅಂದರೆ ಅದೂ ಒಂದು ಫೋಟೋನಾ? ಲೆನ್ಸನ್ನು ಕೈಯಾರೆ ತಿರುಗಿಸಿ ಮುಖವನ್ನು ಹದಕ್ಕೆ ತರುವವನೇ ಕಲಾವಿದ ಎಂದು ಬಂದವರಿಗೆಲ್ಲ ಭಾಷಣ ಬಿಗಿಯುತ್ತಿದ್ದೆ. ಅಬ್ಬಬ್ಬಾ, ಎಂಥ ಜಂಬ!

ನಿಜಸಂಗತಿ ಬೇರೆ. ಲೆನ್ಸಿನ ಒಳಗೆ ಬೂಷ್ಟು ಹಿಡಿದಿತ್ತು. ಹಾಗಾಗಿ ಮುಖಗಳೆಲ್ಲ ಹಾಲಲ್ಲಿ ಅದ್ದಿ ತೆಗೆದ ಹಾಗೆ ನುಣ್ಣಗೆ ಬರುತ್ತಿದ್ದವು. ಎದುರಿನವನ ಫೋಟೋದಲ್ಲಿ ಸಿಡುಬಿನ ಒಂದೊಂದು ಕಲೆಯೂ ಎದ್ದು ಕಾಣುವುದು, ನನ್ನದರಲ್ಲಿ ಮಾಯ. ಹನೂರು, ಯಳಂದೂರು ಕಡೆಯ ಹೆಣ್ಣು ಹೆತ್ತವರೆಲ್ಲ ನನ್ನನ್ನೇ ಹುಡುಕಿಕೊಂಡು ಬರುತ್ತಿದ್ದರು.

"ಅಮ್ಮ ಆಗಿ ಮೊಕ ಎಲ್ಲ ಕಲೆ ಆಗ್ಬುಟ್ಟದ ಸಾ. ನಿಮ್ ಅಳೇ ಲೆನ್ಸಲ್ಲೇ ತೆಗೀರಿ" ಅನ್ನುವರು. ಸಿಡುಬಿಗೆ ನಮ್ಮ ಕಡೆ ಅಮ್ಮ ಅನ್ನುವುದೇ ರೂಢಿ. ಬೂಷ್ಟಿನ ವಿಚಾರ ನಾನು ಯಾರ ಹತ್ತಿರವೂ ಬಾಯಿ ಬಿಡಲಿಲ್ಲ.

ನನಗೂ ಹೆಣ್ಣು ಹುಡುಕುತ್ತಿದ್ದರು. ಒಂದು ದಿನ ಅವ್ವ ಮಾಂಬಳ್ಳಿಯ ಹುಡುಗಿಯೊಬ್ಬಳ ಫೋಟೋ ತಂದು ಕೈಗಿಟ್ಟಳು. ನೋಡುತ್ತೇನೆ, ನನ್ನದೇ ಪರದೆ, ನನ್ನದೇ ಕುರ್ಚಿ! ತೆಗೆದವನು ನಾನೇ, ಹುಡುಗಿ ಮಾತ್ರ ನೆನಪಿಗೆ ಬರಲೊಲ್ಲಳು. ಕರಿಬಟ್ಟೆಯೊಳಗೆ ತಲೆ ತೂರಿಸಿದರೆ ಕ್ಯಾಮೆರಾದ ಗಾಜಿನ ಮೇಲೆ ಎಲ್ಲರೂ ತಲೆಕೆಳಗಾಗಿಯೇ ಕಾಣುವುದು, ನನಗೆ ಆ ಮುಖಗಳೇ ಅಭ್ಯಾಸ. ಅದಕ್ಕೇ ಫೋಟೋವನ್ನು ತಿರುವಿ ಹಿಡಿದೆ.

"ಲೇ, ಎಣ್ಣಿನ್ ಪಟವ ತಲಕೆಳ್ಗ ಇಡೀತೀಯಲ್ಲ, ನಿಂಗೇನ್ಲಾ ಬಂತು ದೊಡ್ರೋಗ!" ಎಂದು ಅವ್ವ ಕಿತ್ತುಕೊಂಡಳು.

ಅಷ್ಟರಲ್ಲಿ ನೆನಪಾಗಿತ್ತು. ಕೆನ್ನೆ ತುಂಬ ಕಲೆ, ಮೂರು ಎಣಿಸಿ ಮುಗಿಸುವವರೆಗೂ ರೆಪ್ಪೆ ಅಲುಗಿಸದೆ ಕೂತಿದ್ದವಳು. ಆವತ್ತೇ ಅವಳು ನನಗೆ ಹಿಡಿಸಿದ್ದಳು, ಸುಳ್ಳೇಕೆ ಹೇಳಲಿ. ಕಲೆ ಗೊತ್ತಿದ್ದೂ ಒಪ್ಪುವ ಮಹಾನುಭಾವ ನಾನೊಬ್ಬನೇ ಎಂದು ಎದೆ ಉಬ್ಬಿಸಿಕೊಂಡು ಅವ್ವನ ಜೊತೆ ಮಾಂಬಳ್ಳಿಯ ಬಸ್ಸು ಹತ್ತಿದೆ.

ಹುಡುಗಿ ಕಜ್ಜಾಯದ ತಟ್ಟೆ ತಂದಿಟ್ಟಳು. ಇಟ್ಟವಳು ಒಳಗೆ ಹೋಗದೆ ಅಲ್ಲೇ ನಿಂತಳು. ನಾನು ಅವ್ವನ ಮುಖವನ್ನೂ ನೋಡದೆ, "ನಂಗ ಒಪ್ಗೆ. ಕಲೆಗಿಲೆ ನಂಗೇನೂ ಲೆಕ್ಕಕ್ಕಿಲ್ಲ" ಅಂದುಬಿಟ್ಟೆ.

"ನೀವು ತೆಗ್ದ ಪಟ ನೋಡಿ ಮೂರ್ ಕಡೆಯವ್ರು ಒಪ್ಕಂಡು ಬಂದ್ರು ಸಾ" ಎಂದಳು ಅವಳು. "ಇದೇ ಚಾಪೆ ಮ್ಯಾಲೆ ಕುಂತ್ಕಂಡು, ನನ್ ಮೊಕ ನೋಡ್ಬುಟ್ಟು, ತಿನ್ನೋದ್ನೂ ಬುಟ್ಟು ಎದ್ದೋದ್ರು. ನಾ ಇರೋ ಅಂಗೇ ತೆಗ್ದಿದ್ರೆ ಅವ್ರು ಬತ್ತಿರ್ನಿಲ್ಲ. ನಂಗ ನೆಮ್ದಿಯಾದ್ರೂ ಇರ್ತಿತ್ತು."

ಅವಳ ಅಪ್ಪ ಗದರಿದರು. ಅವಳು ಕದಲಲಿಲ್ಲ.

"ಲೆನ್ಸಿಗ ಬೂಷ್ಟು ಇಡ್ದದ" ಎಂದೆ, ಮೊಟ್ಟಮೊದಲ ಸಲ.

"ನಿಮ್ಗ ಅದು ಗೊತ್ತಿತ್ತಾ?"

"ಗೊತ್ತಿತ್ತು."

"ಅಂಗಾದ್ರ ನಂಗ ಒಪ್ಗೆ ಇಲ್ಲ" ಎಂದವಳೇ ತಟ್ಟೆ ಎತ್ತಿಕೊಂಡು ಒಳಗೆ ಹೋದಳು.