ತಿಳಿನೀರನ್ನು ನಂಬಿದ ಆಯ್ಲಿ

ಅಮೆರಿಕದ ಆರೆಗಾನ್ ದಂಡೆಯ ಹೆರಾನ್ ಕೊಲ್ಲಿಯಲ್ಲಿ, ಸಿಂಪಿಯ ಮೊಟ್ಟೆಯೊಡೆಸಿ ಮರಿ ಬೆಳೆಸಿ ಸಾಕಣೆದಾರರಿಗೆ ಮಾರುವ ಮರಿಮನೆಯಲ್ಲಿ ಮೂರು ವಾರದಿಂದ ಮರಿಗಳು ಸಾಯುತ್ತಿದ್ದವು. ಹತ್ತಿಪ್ಪತ್ತಲ್ಲ, ತೊಟ್ಟಿಗೊಂದೊಂದು ಕೋಟಿ. ಮೊಟ್ಟೆಯೊಡೆದ ಎರಡು ದಿನದೊಳಗೆ ಚಿಪ್ಪು ಕಟ್ಟಿಕೊಂಡು ಈಜಬೇಕಾದ ಮರಿಗಳು ಚಿಪ್ಪು ಕಟ್ಟಲಾರದೆ ತಳಕ್ಕಿಳಿದು ಹಿಟ್ಟಿನಂತೆ ಬಿದ್ದಿರುತ್ತಿದ್ದವು. ಆಯ್ಲಿ ರೌಟಿಯೊ ಆ ಹಿಟ್ಟನ್ನು ಬಳಿದು ಬಕೆಟ್ಟಿಗೆ ತುಂಬಿ ಚೆಲ್ಲುತ್ತಿದ್ದಳು. ಅಳಲಿಲ್ಲ. ಅಳುವುದು ಅವಳ ಜಾಯಮಾನವಲ್ಲ.

ಹದಿನಾರಕ್ಕೆ ಮೀನಿನ ಡಬ್ಬಿ ಕಾರ್ಖಾನೆ ಸೇರಿದವಳು ಅವಳು. ಹೆಂಗಸರಿಗೂ ಗಂಡಸರಷ್ಟೇ ಕೂಲಿ ಬೇಕೆಂದು ಗೇಟಿಗೆ ಅಡ್ಡ ಮಲಗಿ ಎರಡು ದಿನ ಲಾಕಪ್ಪಿನಲ್ಲಿದ್ದಳು. ಅಲ್ಲಿ ಕಾಫಿ ಕೊಡಲಿಲ್ಲ. ಫಿನ್ನಿಷ್ ಮನೆತನದ ಹೆಂಗಸಿಗೆ ಅದಕ್ಕಿಂತ ದೊಡ್ಡ ಶಿಕ್ಷೆಯಿಲ್ಲ. ಕೂಲಿ ಏರಿತು, ಅವಳ ಕೆಲಸ ಹೋಯಿತು. ಆಮೇಲೆ ಬಂದು ಸೇರಿದ್ದು ಈ ಮರಿಮನೆ. ಮೂವತ್ತೊಂದು ವರ್ಷವಾಯಿತು. ಈಗ ಅರವತ್ತೆರಡು, ಮಂಡಿ ಸವೆದಿದೆ, ನಾಲಿಗೆ ಸವೆದಿಲ್ಲ.

ಕೊಲ್ಲಿಯಿಂದ ತೊಟ್ಟಿಗೆ ನೀರೆಳೆಯುವ ಹೊತ್ತನ್ನು ಅವಳಿಗೆ ಹೇಳಿಕೊಟ್ಟವನು ಇದೇ ದಂಡೆಯಲ್ಲಿ ಸಿಂಪಿ ಸಾಕುತ್ತಿದ್ದ ಅಪ್ಪ. ಬೆಳಗಿನ ಜಾವ, ದೋಣಿಗಳು ಕೊಲ್ಲಿಯನ್ನು ಕಲಕುವ ಮೊದಲು. ನೀರು ಗಾಜಿನಂತಿರಬೇಕು, ಬೆರಳಿಟ್ಟರೆ ಮೂಳೆ ಕೊರೆಯಬೇಕು. ಮಧ್ಯಾಹ್ನದ ಬೆಚ್ಚಗಿನ, ಹುಲ್ಲಿನ ಚೂರು ತೇಲುವ ಹಸಿರು ನೀರು ಬಾತುಕೋಳಿಗೆ ಸರಿ, ಮರಿಗಲ್ಲ. ಈ ದಂಡೆಯ ಎಲ್ಲ ಮರಿಮನೆಗಳದ್ದೂ ಇದೇ ಪದ್ಧತಿ. ಮರಿ ಸಾಯತೊಡಗಿದಾಗ ಎಲ್ಲರೂ ರೋಗಾಣು ಎಂದರು. ಆಯ್ಲಿ ಕೊಳವೆಗಳನ್ನು ಹಲ್ಲುಜ್ಜುವ ಬ್ರಷ್ಷಿನಲ್ಲಿ ತಿಕ್ಕಿದಳು. ಇನ್ನೂ ಬೇಗ ಎದ್ದು, ಇನ್ನೂ ತಣ್ಣಗಿನ, ಇನ್ನೂ ತಿಳಿಯಾದ ನೀರೆಳೆಸಿದಳು. ಮರಿಗಳು ಇನ್ನೂ ಬೇಗ ಸತ್ತವು.

"ತಿಂಗಳ ಕೊನೇವರೆಗೆ ನೋಡ್ತೀನಿ," ಅಂದ ಯಜಮಾನ ವೆಂಡೆಲ್. "ಆಮೇಲೆ ಬೀಗ."

"ಹನ್ನೊಂದು ಜನ ಏನ್ ಮಾಡ್ಬೇಕು?"

"ನನ್ನೂ ಸೇರಿಸ್ಕೋ, ಹನ್ನೆರಡು."

ಅದಾದ ಎರಡನೆಯ ದಿನ ಸಂಜೆ ನಾಲ್ಕನೆಯ ತೊಟ್ಟಿ ಹಸಿರಾಗಿತ್ತು. ಪಂಪು ನೋಡಿಕೊಳ್ಳುವ ಡೊನೆಲ್ ಪಕ್ಕದಲ್ಲಿ ದವಡೆ ಹಿಡಿದುಕೊಂಡು ಕೂತಿದ್ದ.

"ಏನೋ ಇದು, ಬಟಾಣಿ ಸೂಪು ಮಾಡಿಟ್ಟಿದೀಯ?"

"ಬೆಳಿಗ್ಗೆ ಏಳಕ್ಕಾಗ್ಲಿಲ್ಲ. ಈಗ ನಾಲ್ಕಕ್ಕೆ ಎಳೆದೆ. ಮೊಟ್ಟೇನೂ ಬಿಟ್ಟಾಯ್ತು."

"ಕುಡಿದಿದ್ಯಾ?"

"ಹಲ್ಲುನೋವು, ತಾಯಿ."

"ಕಿತ್ತು ಕೈಗೆ ಕೊಡ್ತೀನಿ. ಮೊದಲು ಅದನ್ನ ಚೆಲ್ಲು."

ಡೊನೆಲ್ ಚೆಲ್ಲಲಿಲ್ಲ. ಹೇಳಿದ ಕೆಲಸವನ್ನು ನಾಳೆಗಿಡುವುದು ಅವನ ಹಳೆಯ ರೋಗ. ಅಲ್ಲಿಂದ ಮೂರನೆಯ ದಿನ ಆಯ್ಲಿ ಬೈಯುತ್ತಲೇ ಬಕೆಟ್ಟು ಹಿಡಿದು ಬಂದಳು. ಚೆಲ್ಲುವ ಮುನ್ನ ಅಭ್ಯಾಸಬಲದಿಂದ ಒಂದು ಹನಿಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟಳು. ಅರ್ಧಚಂದ್ರದಂಥ ಚಿಪ್ಪು ಹೊತ್ತ ಮರಿಗಳು ಸಂತೆಯಲ್ಲಿ ನುಗ್ಗುವ ಜನರಂತೆ ಒಂದರ ಮೇಲೊಂದು ಬಿದ್ದು ಈಜುತ್ತಿದ್ದವು.

ನಂಬಲಿಲ್ಲ. ಒಂದೇ ಸಿಂಪಿಯ ಮೊಟ್ಟೆಗಳನ್ನು ಎರಡು ಪಾಲು ಮಾಡಿ, ಒಂದನ್ನು ಜಾವದ ನೀರಿಗೆ, ಒಂದನ್ನು ನಾಲ್ಕು ಗಂಟೆಯ ನೀರಿಗೆ ಬಿಟ್ಟಳು. ಜಾವದ್ದು ಸತ್ತಿತು. ಮತ್ತೆ ಮಾಡಿದಳು. ಮತ್ತೆ ಜಾವದ್ದೇ ಸತ್ತಿತು. ಆಗ, ನೀರು ಅಳೆಯಲು ಬಂದು, ತಾನು ಒಳಗೆ ಬಿಡದ್ದರಿಂದ ಎರಡು ವಾರದಿಂದ ಉಪಕರಣ ಹಿಡಿದು ಅಂಗಳದಲ್ಲೇ ಕಾಯುತ್ತಿದ್ದ ವಿಶ್ವವಿದ್ಯಾಲಯದ ಹುಡುಗಿ ಹೇಸೂಕ್‌ಳನ್ನು ಒಳಗೆ ಕರೆದು ಕಾಫಿ ಬಗ್ಗಿಸಿದಳು. ಅದೇ ಅವಳ ಕ್ಷಮಾಪಣೆ.

ಹೇಸೂಕ್ ಎರಡೂ ನೀರನ್ನು ಅಳೆದಳು. "ಜಾವದ್ದು ಕೊಳಕಲ್ಲ ಆಯ್ಲಿ, ಹುಳಿ."

"ನೋಡಕ್ಕೆ ಗಾಜಿನ ಹಾಗಿದೆಯಲ್ಲೇ."

"ಅದೇ ಮೋಸ. ನಮ್ಮ ಕಾರು, ಚಿಮಣಿ ಬಿಡೋ ಇಂಗಾಲದ ಡೈಆಕ್ಸೈಡಲ್ಲಿ ಹೆಚ್ಚುಕಮ್ಮಿ ಕಾಲು ಪಾಲು ಸಮುದ್ರ ನುಂಗತ್ತೆ. ನುಂಗಿದಷ್ಟೂ ಹುಳಿಯಾಗತ್ತೆ. ಹಾಗೆ ನುಂಗಿ ಮುಳುಗಿದ ನೀರು ಮೂವತ್ತು ನಲವತ್ತು ವರ್ಷ ಆಳದಲ್ಲೇ ನಡೆದು, ದಾರೀಲಿ ಕೊಳೆತಿದ್ದರ ಅನಿಲಾನೂ ಸೇರಿಸ್ಕೊಂಡು, ಬೇಸಿಗೇಲಿ ಬಡಗಣ ಗಾಳಿ ಬೀಸಿದಾಗ ಇಲ್ಲಿ ಮೇಲೇಳತ್ತೆ. ತಣ್ಣಗೆ, ತಿಳಿಯಾಗಿ. ಚಿಪ್ಪು ಕಟ್ಟೋ ಸುಣ್ಣ ಆ ನೀರಲ್ಲಿ ಮರಿಗೆ ಸಿಗಲ್ಲ."

"ಅಂದ್ರೆ ನಾನು ಡಬ್ಬಿ ಕಾರ್ಖಾನೇಲಿದ್ದಾಗಿನ ಹೊಗೆ."

"ಅದೂ ಇದೆ. ಹಗಲು ಬಿಸಿಲಿಗೆ ಕೊಲ್ಲಿ ಹುಲ್ಲು ಈ ಅನಿಲಾನ ತಿನ್ನತ್ತೆ. ರಾತ್ರಿಯೆಲ್ಲ ವಾಪಸ್ಸು ಉಸಿರು ಬಿಡತ್ತೆ. ಅದಕ್ಕೇ ಜಾವ ಅಂದ್ರೆ ಅತಿ ಕೆಟ್ಟ ಹೊತ್ತು."

ಆಯ್ಲಿ ಕಾಫಿ ಕುಡಿದು ಮುಗಿಸಿದಳು. "ಹುಡುಕಿ ಹುಡುಕಿ ವಿಷಾನೇ ತಂದು ಹಾಕಿದೀನಿ ಹಾಗಾದ್ರೆ," ಅಂದಳು.

ನಾಲ್ಕು ಗಂಟೆಯ ನೀರು ಖಾಯಮ್ಮಾಯಿತು. ಬಡಗಣ ಗಾಳಿ ಜೋರಾದ ದಿನ ಹೇಸೂಕ್ ಹೇಳಿದಷ್ಟು ವಾಷಿಂಗ್ ಸೋಡಾ ಬೆರೆಸಿ ಹುಳಿ ಮುರಿದರು. ತಿಂಗಳ ಕೊನೆಗೆ ಒದ್ದೆ ಬಟ್ಟೆಯಲ್ಲಿ ಸುತ್ತಿದ ನಿಂಬೆಹಣ್ಣಿನ ಗಾತ್ರದ, ಮರಿಗಳ ಮೊದಲ ಉಂಡೆ ಸಾಕಣೆದಾರರಿಗೆ ಹೊರಟಿತು. ಒಂದು ಉಂಡೆಯಲ್ಲಿ ಇಪ್ಪತ್ತು ಲಕ್ಷ ಮರಿ. ವೆಂಡೆಲ್ ಬೀಗ ಹಾಕಲಿಲ್ಲ. ಬದಲಿಗೆ ಆಯ್ಲಿಯನ್ನು ಮೂಲೆಗೆ ಕರೆದ.

"ಶನಿವಾರ ಮರಿಮನೆಯೋರ ಸಭೆ ಇದೆ. ಅಲ್ಲಿ ಬಾಯಿ ಬಿಡ್ಬೇಡ. ಈ ವರ್ಷ ಮರಿ ಇರೋದು ನಮ್ಮಲ್ಲಿ ಮಾತ್ರ."

"ಪಕ್ಕದ ಮನೆ ಉರೀವಾಗ ಬಕೆಟ್ಟು ಬಚ್ಚಿಡೋ ಬುದ್ಧಿ ನಿಂಗೆ ಯಾವಾಗ ಬಂತು? ನೀನು ಬೇಡ ಅಂದ್ರೂ ಹೇಳ್ತೀನಿ. ಬೇಕಾದ್ರೆ ಕೆಲಸದಿಂದ ತೆಗಿ. ಅಭ್ಯಾಸ ಇದೆ."

ವೆಂಡೆಲ್ ತೆಗೆಯಲಿಲ್ಲ. ಶನಿವಾರ ಮುಂದಿನ ಸಾಲಿನಲ್ಲೇ ಕೂತ.

ಸಭೆಯಲ್ಲಿ ಎಲ್ಲರೂ ರೋಗಾಣುವನ್ನೇ ಬೈಯುತ್ತಿದ್ದರು. ಆಯ್ಲಿ ಎದ್ದಳು. "ನನ್ನ ಮರಿಗಳನ್ನ ಕೊಂದಿದ್ದು ರೋಗಾಣು ಅಲ್ಲ, ನಾನು. ಜಾವದ ನೀರು ಹಾಕಿ ಕೊಂದೆ. ನೀವೂ ಕೊಲ್ತಿದೀರ." ಗದ್ದಲವೆದ್ದಿತು. ಬಡಗಣ ಕೊಲ್ಲಿಯ ಮುದುಕ ಹಾರ್ಲನ್, "ನಿಮ್ಮಪ್ಪ ಕೇಳಿದ್ರೆ ಗೋರಿಯಿಂದ ಎದ್ದು ಬರ್ತಾನೆ," ಎಂದು ಕುಟುಕಿದ.

"ಬರ್ಲಿ. ಅವನಿಗೂ ತೋರಿಸ್ತೀನಿ," ಎಂದು ಆಯ್ಲಿ, ಜಾವದ್ದೊಂದು ನಾಲ್ಕು ಗಂಟೆಯದೊಂದು, ಮರಿ ಬಿಟ್ಟ ಎರಡು ಬಾಟಲಿ ನೀರನ್ನೂ ಸೂಕ್ಷ್ಮದರ್ಶಕವನ್ನೂ ಮೇಜಿನ ಮೇಲಿಟ್ಟಳು. "ಹೊಗೆ ನಿಲ್ಲಿಸೋ ಜಗಳ ಬೇರೆ ಇದೆ, ಅದಕ್ಕೂ ಕರೀತೀನಿ, ಬರ್ಬೇಕು. ಇವತ್ತು ಮರಿ ಉಳಿಸ್ಕೊಳ್ಳಿ."

ಒಬ್ಬೊಬ್ಬರಾಗಿ ಬಗ್ಗಿ ನೋಡಿದರು. ಹಾರ್ಲನ್ ಎಲ್ಲರಿಗಿಂತ ಹೆಚ್ಚು ಹೊತ್ತು ಬಗ್ಗಿದ್ದ. ನೆಟ್ಟಗಾಗಿ ಆಯ್ಲಿಯ ಕಡೆ ತಿರುಗಿದ.

"ಎಷ್ಟು ಗಂಟೆಗೆ ಎಳೀಬೇಕು ಅಂದೆ?"

"ಮೂರರ ಮೇಲೆ. ಬಿಸಿಲಿದ್ರೆ ನಾಲ್ಕು. ಹಸಿರಾಗಿದೆ ಅಂತ ಹೆದರ್ಬೇಡ."

ಹಾರ್ಲನ್ ಪೆನ್ನು ಕೇಳಿ ಇಸಿದುಕೊಂಡು ಅಂಗೈಯ ಮೇಲೆ ಬರೆದುಕೊಂಡ.