ಹಾಡುವವರೇ ಬೆಳಕಿನಲ್ಲಿ ನಿಲ್ಲಬೇಕು

ನೈರೋಬಿಯಲ್ಲಿ ಕನ್ನಡದ ಸಂಗೀತ ನಾಟಕ ಮಾಡಿಸಲು ಹೊರಟವರಿಗೆ ಮೊದಲು ಎದುರಾಗುವುದು ಗಂಡಸರ ಬರ. ಗಂಡಸರೇನೋ ಬೇಕಾದಷ್ಟು ಇದ್ದಾರೆ. ಆದರೆ ಅವರಿಗೆ ಯಾವಾಗಲೂ ಒಂದು ‘ಮಿಷನ್’ ಇರುತ್ತದೆ. ಇವತ್ತು ಜೂಬಾ, ನಾಳೆ ಮೊಗಾದಿಶು, ನಾಡಿದ್ದು ಕಿಗಾಲಿ. ಅಂತರರಾಷ್ಟ್ರೀಯ ಸಂಸ್ಥೆಗಳಲ್ಲಿ ದುಡಿಯುವ ನಮ್ಮವರ ಸೂಟ್‌ಕೇಸು ಸದಾ ಬಾಗಿಲ ಪಕ್ಕದಲ್ಲೇ ಇರುತ್ತದೆ. ತಾಲೀಮಿಗೆ ಬನ್ನಿ ಎಂದರೆ ಖಂಡಿತ ಬರುತ್ತೇವೆ ಎನ್ನುತ್ತಾರೆ, ಮಾರನೆಯ ದಿನ ವಿಮಾನ ನಿಲ್ದಾಣದಿಂದ ಮೆಸೇಜು ಕಳಿಸುತ್ತಾರೆ. ಆ ಮೆಸೇಜುಗಳ ಮೇಲೆ ನನಗಿದ್ದ ಸಿಟ್ಟು ಇನ್ನೂ ಇಳಿದಿಲ್ಲ. ಇಳಿಸಿಕೊಳ್ಳುವ ಉದ್ದೇಶವೂ ನನಗಿಲ್ಲ.

ನಮ್ಮದು ದೊಡ್ಡ ಮಂಡಳಿಯೇನಲ್ಲ. ಕಿಲೆಲೆಶ್ವಾದ ನನ್ನ ಫ್ಲ್ಯಾಟಿನಲ್ಲಿ ಸೋಫಾಗಳನ್ನು ಗೋಡೆಗೆ ತಳ್ಳಿದರೆ ಅದೇ ರಂಗಸ್ಥಳ. ಪಾರ್ಕ್‌ಲ್ಯಾಂಡ್ಸಿನಲ್ಲಿ ಮನೆ ಖಾಲಿ ಮಾಡಿ ಲಂಡನ್ನಿಗೆ ಹೊರಟಿದ್ದ ಗುಜರಾತಿ ಕುಟುಂಬವೊಂದರಿಂದ ಕೊಂಡ ಕಾಲಲ್ಲಿ ತುಳಿಯುವ ಹಾರ್ಮೋನಿಯಂ ಒಂದಿತ್ತು. ಹಾಡಲು ಬರುವವರು ಕೆಲವರು, ಹಾಡಲು ಬರುತ್ತದೆ ಎಂದುಕೊಂಡವರು ಹಲವರು. ಇಲ್ಲೇ ಬೆಳೆದ ಮಕ್ಕಳು ಕನ್ನಡ ಹಾಡುಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡು ಬರುತ್ತಿದ್ದರು. ನಾನು ಕನ್ನಡದಲ್ಲಿ ಬೈದರೆ ಇಂಗ್ಲಿಷಿನಲ್ಲಿ ಕ್ಷಮೆ ಕೇಳುತ್ತಿದ್ದರು, ಆದರೆ ಶ್ರುತಿ ಬಿಟ್ಟು ಹಾಡುತ್ತಿರಲಿಲ್ಲ. ಪ್ರತಿ ವರ್ಷ ಕನ್ನಡ ಸಂಘದ ರಾಜ್ಯೋತ್ಸವಕ್ಕೆ ನಮ್ಮದೊಂದು ನಾಟಕ. ಬರೆಯುವುದು, ರಾಗ ಹಾಕುವುದು, ಹಾರ್ಮೋನಿಯಂ ಒತ್ತುವುದು, ಎಲ್ಲರ ಹತ್ತಿರ ನಿಷ್ಠುರವಾಗುವುದು, ಎಲ್ಲವೂ ನನ್ನ ಪಾಲಿನ ಕೆಲಸ.

ಆ ವರ್ಷ ನಾನು ಬರೆದದ್ದು ನಗೆಗೆ ಸುಂಕ ಹಾಕಿದ ರಾಜನ ಕಥೆ. ರಾಜ್ಯದಲ್ಲಿ ಯಾರು ನಕ್ಕರೂ ಸುಂಕ ಕಟ್ಟಬೇಕು. ಕೊನೆಗೆ ರಾಜನೇ ನಕ್ಕು ಸಿಕ್ಕಿಬೀಳುತ್ತಾನೆ. ನಗಿಸುವ ನಾಟಕವಾದರೂ ರಾಜನ ಪಾತ್ರ ಮಾತ್ರ ಬಲು ಗಂಭೀರ. ಅವನ ಹಾಡುಗಳೆಲ್ಲ ಮಂದ್ರದಲ್ಲಿ. ಅವನನ್ನು ಕಂಡರೆ ಜನ ಹೆದರಬೇಕು, ಹೆದರಿದರೆ ಮಾತ್ರ ಆಸ್ಥಾನದವರು ನಗು ತಡೆದುಕೊಳ್ಳುವುದನ್ನು ನೋಡಿ ನಗು ಬರುತ್ತದೆ. ಇಡೀ ನಾಟಕ ಆ ಒಂದು ಗಂಟಲಿನ ಮೇಲೆ ನಿಂತಿತ್ತು.

ಪಾತ್ರವನ್ನು ಸಂಘದ ಉಪಾಧ್ಯಕ್ಷರಿಗೆ ಕೊಟ್ಟೆ. ಎತ್ತರದ ಆಳು, ದೊಡ್ಡ ಹುದ್ದೆ, ಸ್ವರವೂ ಪರವಾಗಿರಲಿಲ್ಲ. ತಾಳ ಮಾತ್ರ ಆಗಾಗ ನಡುದಾರಿಯಲ್ಲಿ ಇಳಿದುಹೋಗುತ್ತಿತ್ತು. ಎರಡು ಸಲ ತಾಲೀಮಿಗೆ ಬಂದರು, ಆಮೇಲೆ ಜೂಬಾಕ್ಕೆ ಹೋದರು. ಮೂರೇ ವಾರ ಎಂದಿದ್ದರು. ತಿಂಗಳು ಕಳೆಯಿತು, ಇನ್ನೊಂದು ತಿಂಗಳೂ ಹಿಡಿಯಿತು, ಅವರ ಸುದ್ದಿಯಿಲ್ಲ.

ರಾಜನಿಲ್ಲದೆ ಉಳಿದವರು ತಾಲೀಮು ಮಾಡುವುದು ಹೇಗೆ? ಮೂಲೆಯಲ್ಲಿ ಕುಳಿತು ಮಾತು ಎತ್ತಿಕೊಡುತ್ತಿದ್ದ ಟೀಚರ್ ಕಡೆ ತಿರುಗಿ, ಸದ್ಯಕ್ಕೆ ರಾಜನ ಹಾಡನ್ನು ನೀವೇ ಹೇಳಿಬಿಡಿ ಎಂದೆ. ಮಂಗಳೂರು ಕಡೆಯ ಇವರು ಇಲ್ಲಿನ ಶಾಲೆಯೊಂದರಲ್ಲಿ ಗಣಿತ ಕಲಿಸುತ್ತಿದ್ದರು. ಗಂಡನಿಗೆ ವಿಮಾನದ ಸರಕು ಸಾಗಿಸುವ ಕೆಲಸ, ವಿಮಾನ ನಿಲ್ದಾಣದ ಹತ್ತಿರದ ಎಂಬಕಸಿಯಲ್ಲಿ ಮನೆ. ಮನೆಯೊಳಗೆ ಕೊಂಕಣಿ, ಭಾನುವಾರ ಚರ್ಚಿನ ಹಾಡು. ಚರ್ಚು ಮುಗಿಸಿ ಎರಡು ಮಟಾಟು ವ್ಯಾನು ಬದಲಾಯಿಸಿ ನಮ್ಮಲ್ಲಿಗೆ ಬರುತ್ತಿದ್ದರು. ನಾನು ಅಂದುಕೊಂಡಿದ್ದು, ಏನೋ ಗುನುಗಿ ಕೆಲಸ ಸಾಗಿಸುತ್ತಾರೆ ಎಂದು. ಗಂಡು ದನಿಗೆಂದು ಇಟ್ಟಿದ್ದ ಶ್ರುತಿಯನ್ನು ಅವರಿಗಾಗಿ ಏರಿಸಲು ಹೊರಟೆ.

“ಬೇಡ ಅಕ್ಕ, ಇದೇ ಆಗ್ತದೆ” ಎಂದರು.

ನೆಲ ನೋಡುತ್ತಲೇ ಹಾಡಿದರು. ಆ ದನಿ ಗಂಡಿನದೂ ಅಲ್ಲ, ನಾವು ಕೇಳಿ ರೂಢಿಯಾದ ಹೆಣ್ಣಿನದೂ ಅಲ್ಲ. ಬಾವಿಯ ತಳದಿಂದ ತುಂಬಿದ ಕೊಡ ಮೇಲೆ ಬಂದ ಹಾಗೆ, ಭಾರವಾಗಿ, ತುಳುಕದೆ ಬಂತು. ಕಾಫಿ ಕುಡಿಯುತ್ತಿದ್ದವರು ಲೋಟ ಕೆಳಗಿಟ್ಟರು. ನನಗೆ ಕಣ್ಣಲ್ಲಿ ನೀರು ಬಂತು, ಅದರ ಹಿಂದೆಯೇ ಸಿಟ್ಟೂ ಬಂತು. ಇಂಥ ಗಂಟಲನ್ನು ಇಷ್ಟು ವರ್ಷ ಮೂಲೆಯಲ್ಲಿ ಕೂರಿಸಿದವರು ಯಾರು ಎಂದು.

ಆಮೇಲೆ ಅವರೇ ಹೇಳಿದರು. ಚಿಕ್ಕಂದಿನಲ್ಲಿ ಶಾಲೆಯ ಪ್ರಾರ್ಥನೆಗೆ ನಿಂತರೆ ಮೆಲ್ಲಗೆ ಹಾಡು ಎನ್ನುತ್ತಿದ್ದರಂತೆ. ಊರಿನ ಚರ್ಚಿನಲ್ಲಿ ಗಂಡಸರ ಸಾಲಿನ ಹಿಂದೆ ನಿಲ್ಲಿಸುತ್ತಿದ್ದರಂತೆ. ದನಿ ಬೇಕು, ಆದರೆ ಅದು ಎಲ್ಲಿಂದ ಬರುತ್ತದೆ ಎಂದು ಯಾರಿಗೂ ಕಾಣಬಾರದು. ಇದನ್ನೆಲ್ಲ ಅವರು ನಗುತ್ತ ಹೇಳಿ, ಪರವಾಗಿಲ್ಲ ಅಕ್ಕ ಎಂದು ಸೇರಿಸಿದರು. ಅವರ ಬಾಯಲ್ಲಿ ಪರವಾಗಿಲ್ಲ ಎಂಬ ಮಾತು ಉಸಿರಿನಷ್ಟು ಸಲೀಸು.

ಕೆಲವೇ ವಾರಗಳಲ್ಲಿ ನಾಟಕ ಅವರ ಸುತ್ತ ಕೂತಿತು. ಆಸ್ಥಾನದ ಹುಡುಗಿಯರು ನಿಜವಾಗಿಯೂ ಹೆದರಿ, ನಿಜವಾಗಿಯೂ ನಗು ತಡೆಯತೊಡಗಿದರು. ನಮ್ಮ ಗೇಟು ಕಾಯುವ ಅಸ್ಕಾರಿ ಕೂಡ ರಾಜನ ಹಾಡು ಶುರುವಾದರೆ ತನ್ನ ರೇಡಿಯೊ ಆರಿಸುತ್ತಿದ್ದ. ಇನ್ನು ಯೋಚಿಸುವುದೇನಿದೆ? ಪಾತ್ರ ಟೀಚರದು ಎಂದು ಎಲ್ಲರ ಮುಂದೆ ಹೇಳಿದೆ. ಜೂಬಾದಲ್ಲಿದ್ದ ಉಪಾಧ್ಯಕ್ಷರಿಗೂ ವಿವರವಾಗಿ ಬರೆದು ಮೊಬೈಲಿಗೆ ಕಳಿಸಿದೆ. ಅವರಿಂದ ಉತ್ತರವಾಗಿ ಮೇಲೆತ್ತಿದ ಹೆಬ್ಬೆರಳಿನ ಚಿತ್ರ ಬಂತು.

ಪ್ರದರ್ಶನಕ್ಕೆ ಒಂದು ವಾರವಿರುವಾಗ ಅವರು ನೈರೋಬಿಗೆ ಬಂದರು. ಪಾತ್ರಕ್ಕೆಂದೇ ಹುರಿಮೀಸೆ ಬಿಟ್ಟುಕೊಂಡು, ಆಫೀಸಿನ ಟೈ ಕೂಡ ಬಿಚ್ಚದೆ ನೇರ ನಮ್ಮ ಮನೆಗೆ ಬಂದು ರಾಜನ ಕುರ್ಚಿಯಲ್ಲಿ ಕುಳಿತರು. ಹೆಬ್ಬೆರಳಿನ ವಿಷಯ ಎತ್ತಿದರೆ, ಅದು ತಾಲೀಮಿಗೆ ಮಾತ್ರ ಅಂದುಕೊಂಡೆ ಎಂದರು. ಕೆಟ್ಟ ಮನುಷ್ಯರಲ್ಲ. ಜೂಬಾದ ಸೆಕೆಯಲ್ಲಿ, ಹೊರಗೆ ಕಾಲಿಡಲಾಗದ ಸಂಜೆಗಳಲ್ಲಿ, ಹಾಡುಗಳನ್ನು ನಿಜವಾಗಿ ಕಲಿತಿದ್ದರು. ಕಲಿತದ್ದು ನಾನು ಕಳಿಸಿದ್ದ ಟೀಚರ ದನಿಯ ರೆಕಾರ್ಡಿಂಗ್ ಕೇಳಿಕೊಂಡು. ಹಾಡಿ ತೋರಿಸಿದರು. ಮೊದಲಿಗಿಂತ ಚೆನ್ನಾಗಿತ್ತು, ಆದರೆ ಅದನ್ನು ಕೇಳಿ ಯಾರೂ ಕಾಫಿ ಕೆಳಗಿಡಲಿಲ್ಲ. ಪಾತ್ರ ಕೊಟ್ಟಾಗಿದೆ, ಮಂತ್ರಿಯ ಪಾತ್ರ ಬೇಕಾದರೆ ನಿಮ್ಮದೇ ಎಂದೆ. ಮುಖ ಕೆಂಪಾಯಿತು. ಎದ್ದು ಹೋದರು.

ಮರುದಿನವೇ ಸಂಘದ ಅಧ್ಯಕ್ಷರಿಂದ ಕರೆ ಬಂತು. ಲೊರೆಶೋದಲ್ಲಿ ಮನೆ, ಬಹಳ ಕಾಲದಿಂದ ಇಲ್ಲೇ ನೆಲೆನಿಂತ ವಯಸ್ಸಾದ ಡಾಕ್ಟರು, ಯಾರನ್ನೂ ನೋಯಿಸಿ ಗೊತ್ತಿಲ್ಲದವರು. ಟೀಚರನ್ನೂ ಕರೆದುಕೊಂಡು ಹೋದೆ. ಕಮಿಟಿಯವರೆಲ್ಲ ಸೇರಿದ್ದರು, ಕೋಡುಬಳೆ ಇತ್ತು, ಟೀ ಇತ್ತು. ಒಬ್ಬರು, ದೊಡ್ಡ ಅತಿಥಿಗಳು ಬರುವ ದಿನ ಹೆಂಗಸು ಮೀಸೆ ಹಚ್ಚಿಕೊಂಡು ರಾಜನಾದರೆ ಹಾಸ್ಯಾಸ್ಪದ ಎಂದರು. ಒಂದು ಕಾಲಕ್ಕೆ ಗಂಡಸರು ಸೀರೆಯುಟ್ಟು ನಾಯಕಿಯರಾದಾಗ ಊರೆಲ್ಲ ಮೆಚ್ಚಿ ನೋಡಿತ್ತಲ್ಲ ಎಂದು ಕೇಳಿದೆ. ಅದು ಆ ಕಾಲ ಎಂದರು. ಇನ್ನೊಬ್ಬರು, ಉಪಾಧ್ಯಕ್ಷರಿಗೆ ಬೇಜಾರಾಗಿದೆ ಎಂದರು. ಆಗ ಅಧ್ಯಕ್ಷರು ಎಲ್ಲರಿಗೂ ಹಿತವಾಗುವಂಥ ದಾರಿಯೊಂದನ್ನು ಹುಡುಕಿದರು.

“ನೋಡಿ ಮೇಡಂ, ಸಿಂಪಲ್ಲಾಗಿ ಮುಗಿಸೋಣ. ಅವ್ರು ಸ್ಟೇಜ್ ಮೇಲೆ ಆಕ್ಟ್ ಮಾಡ್ಲಿ. ಟೀಚರ್ ಸೈಡ್‌ವಿಂಗಲ್ಲಿ ಮೈಕ್ ಹಿಡ್ಕೊಂಡು ಹಾಡ್ಲಿ. ಸಿನಿಮಾದಲ್ಲಿ ಎಲ್ಲಾರೂ ಹಾಗೇ ತಾನೇ ಮಾಡೋದು?”

ಕೋಣೆಗೆ ಕೋಣೆಯೇ ನೆಮ್ಮದಿಯ ನಿಟ್ಟುಸಿರು ಬಿಟ್ಟಿತು. ಕೈಗಳು ಕೋಡುಬಳೆಯ ಕಡೆ ಹೊರಟವು. ಉಪಾಧ್ಯಕ್ಷರೂ ದೊಡ್ಡ ಮನಸ್ಸು ಮಾಡಿದವರ ಹಾಗೆ ತಲೆಯಾಡಿಸಿದರು. ನನಗೆ ಪಿತ್ತ ನೆತ್ತಿಗೇರಿತು.

“ನನ್ನ ನಾಟಕದಲ್ಲಿ ಹಾಡೋರೇ ಬೆಳಕಲ್ಲಿ ನಿಲ್ಬೇಕು” ಎಂದೆ. “ಬಾಯಿ ಆಡ್ಸೋಕೆ ಮನುಷ್ಯರು ಯಾಕೆ, ಒಂದು ಗೊಂಬೆ ತಂದು ನಿಲ್ಸಿ.”

ಇನ್ನೂ ಏನೇನೋ ಅಂದೆ. ಅದರಲ್ಲಿ ಯಾವುದನ್ನೂ ನಾನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಅಧ್ಯಕ್ಷರು ನನಗೆ ಸಮಾಧಾನ ಹೇಳುತ್ತ, ಬಾಗಿಲ ಹತ್ತಿರದ ಕುರ್ಚಿಯಲ್ಲಿದ್ದ ಟೀಚರ್ ಕಡೆ ತಿರುಗಿ, ನಿಮಗೇನೂ ಅಭ್ಯಂತರವಿಲ್ಲ ಅಲ್ಲವೇ ಎಂದು ಕೇಳಿದರು. ಉತ್ತರ ಏನೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ನನಗೂ ಗೊತ್ತಿತ್ತು. ಅವರು ಪರವಾಗಿಲ್ಲ ಎಂದರೆ ನನ್ನ ಕೂಗಾಟಕ್ಕೆಲ್ಲ ಮೂರು ಕಾಸಿನ ಬೆಲೆಯಿಲ್ಲ. ಬೇರೆಯವರಿಗಾಗಿ ನಾನು ಎಷ್ಟು ಜಗಳವಾಡಿದರೂ ಆ ಒಂದು ಮಾತು ಅವರೇ ಆಡಬೇಕಿತ್ತು.

ಟೀಚರ್ ಕಪ್ಪನ್ನು ಬಸಿಯ ಮೇಲಿಟ್ಟರು.

“ಅವರು ಬಾಯಿ ಆಡಿಸುದಾದ್ರೆ ನಾನು ಹಾಡುದಿಲ್ಲ ಡಾಕ್ಟ್ರೇ” ಎಂದರು. “ಹಿಂದೆ ನಿಂತು ಹಾಡಿ ನನಗೆ ಸಾಕಾಗಿದೆ.”

ದನಿ ಏರಿಸಿರಲಿಲ್ಲ. ನಾವಿಬ್ಬರೂ ಎದ್ದು ಬಂದೆವು. ಗೇಟಿನಾಚೆ ಮಟಾಟು ಸಿಗುವವರೆಗೆ ಅವರು ನನಗಿಂತ ಮುಂದೆ ನಡೆದರು. ನನಗಂತೂ ಖುಷಿಯೋ ಖುಷಿ.

ಸಂಘ ನಮ್ಮನ್ನು ಕೈಬಿಟ್ಟಿತು. ನಮ್ಮ ಹೊತ್ತಿಗೆ ಸಿನಿಮಾ ಹಾಡಿನ ಕಾರ್ಯಕ್ರಮ ಇಟ್ಟಿತು. ಮಂಡಳಿಯಲ್ಲಿ ಉಳಿದಿದ್ದ ಗಂಡಸರೂ ಒಬ್ಬೊಬ್ಬರಾಗಿ ನೆಪ ಹೇಳಿ ಜಾರಿಕೊಂಡರು. ಮಂತ್ರಿಯಿಲ್ಲ, ಸೇನಾಪತಿಯಿಲ್ಲ, ಸುಂಕದ ಅಧಿಕಾರಿಯಿಲ್ಲ. ಆಗಬಹುದು ಎಂದುಕೊಂಡೆ. ಒಂದು ಮೀಸೆಗೆ ಆಕ್ಷೇಪವೇ, ಹಾಗಾದರೆ ಎಲ್ಲರಿಗೂ ಮೀಸೆ. ಗಂಡು ಪಾತ್ರಗಳನ್ನೆಲ್ಲ ಹೆಂಗಸರಿಗೇ ಕೊಟ್ಟೆ. ಸೇನಾಪತಿಯ ಮೀಸೆಯನ್ನು ನನ್ನ ಕೈಯಿಂದ ಕಿತ್ತುಕೊಂಡು ಹಚ್ಚಿಕೊಂಡವರು ಬೇರೆ ಯಾರೂ ಅಲ್ಲ, ಉಪಾಧ್ಯಕ್ಷರ ಹೆಂಡತಿ. ಮನೆಯಲ್ಲಿ ಏನು ಮಾತಾಯಿತೋ ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ಉಪಾಧ್ಯಕ್ಷರು ಮಾತ್ರ ಇವತ್ತಿಗೂ ತರಕಾರಿ ಮಾರ್ಕೆಟ್ಟಿನಲ್ಲಿ ನನ್ನನ್ನು ಕಂಡರೆ ಟೊಮೆಟೊ ಮುಟ್ಟಿ ನೋಡುವುದರಲ್ಲಿ ಮುಳುಗಿಬಿಡುತ್ತಾರೆ.

ಟೀಚರ ಚರ್ಚಿನವರು ಎಂಬಕಸಿಯಲ್ಲಿ ತಮ್ಮ ಹಾಲ್ ಕೊಟ್ಟರು. ತಗಡಿನ ಮಾಡು, ಪ್ಲಾಸ್ಟಿಕ್ ಕುರ್ಚಿ, ಆಗಾಗ ನೆತ್ತಿಯ ಮೇಲೆ ವಿಮಾನ. ರಾಜ್ಯೋತ್ಸವ ಕಳೆದ ಮೇಲೆ ಒಂದು ಭಾನುವಾರ ಮಧ್ಯಾಹ್ನ ಹಾಲ್ ತುಂಬಿತು. ಟೀಚರ ಶಾಲೆಯವರು, ಚರ್ಚಿನ ನೆರೆಹೊರೆಯವರು, ಕನ್ನಡದ ಒಂದಕ್ಷರ ಬಾರದವರು ಹಿಂದಿನ ಸಾಲುಗಳಲ್ಲಿ. ಮುಂದಿನ ಸಾಲುಗಳಲ್ಲಿ ನಮ್ಮವರು. ನಾಟಕ ನೋಡಲು ಬರದವರೂ ಜಗಳದ ಕೊನೆ ನೋಡಲು ಬಂದಿದ್ದರು. ಅಧ್ಯಕ್ಷರೂ ಬಂದು ಬಾಗಿಲ ಪಕ್ಕದಲ್ಲಿ ಕುಳಿತಿದ್ದರು.

ನಾನು ರಂಗದ ಕೆಳಗೆ ಹಾರ್ಮೋನಿಯಂ ಮುಂದೆ ಕುಳಿತಿದ್ದೆ. ಪರದೆ ಸರಿಯಿತು, ಆಸ್ಥಾನ ಬಾಗಿತು, ರಾಜ ಬಂದ. ಟೀಚರ್ ಗಿಡ್ಡ. ಎಷ್ಟು ಮಡಚಿ ಹೊಲಿದರೂ ನಿಲುವಂಗಿ ನೆಲ ಗುಡಿಸುತ್ತಿತ್ತು, ಕಿರೀಟ ಹುಬ್ಬಿನ ತನಕ ಇಳಿದಿತ್ತು. ಮುಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಇನ್ನೊಬ್ಬರು ಜೊತೆಗೂಡಿದರು. ಸಾಲಿಗೆ ಸಾಲೇ ನಗತೊಡಗಿತು, ಎಲ್ಲಿಂದಲೋ ಒಂದು ಶಿಳ್ಳೆಯೂ ಬಂತು. ಅದು ನಾಟಕ ನೋಡಿ ಬಂದ ನಗು ಅಲ್ಲ, ಟೀಚರ ಮೈ ನೋಡಿ ಬಂದ ನಗು.

ನಾನು ಬರೆದಿದ್ದ ಪ್ರಕಾರ ರಾಜ ಬಂದು ಸಿಂಹಾಸನದಲ್ಲಿ ಕೂರಬೇಕು, ಆಸ್ಥಾನದವರು ಹೊಗಳಿ ಹಾಡಬೇಕು, ಆ ನಡುವೆ ಒಬ್ಬ ಸೇವಕ ನಕ್ಕ ಮೇಲೆ ರಾಜ ಮೊದಲ ಮಾತಾಡಬೇಕು. ಟೀಚರ್ ಕೂರಲಿಲ್ಲ. ನಿಲುವಂಗಿಯನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು ರಂಗದ ಅಂಚಿಗೆ ಬಂದರು. ನಗುತ್ತಿದ್ದ ಸಾಲನ್ನು ಈ ತುದಿಯಿಂದ ಆ ತುದಿಯವರೆಗೆ ಒಬ್ಬೊಬ್ಬರನ್ನೇ ನೋಡಿದರು. ಆಮೇಲೆ ಆ ಮೊದಲ ಮಾತನ್ನು ಅಲ್ಲೇ, ಅವರನ್ನೇ ಕೇಳಿದರು.

“ಯಾರದು, ನಕ್ಕವರು?”

ಮೈಕಿಲ್ಲದೆ ಕೇಳಿದ್ದು. ಮಂದ್ರದ ಆ ದನಿ ಹಾಲಿನ ಕೊನೆಯ ಗೋಡೆಗೆ ಮುಟ್ಟಿ ನಿಂತಿತು. ಕನ್ನಡ ಬಾರದವರಿಗೂ ಅದು ಅರ್ಥವಾಯಿತು. ಮುಂದಿನ ಸಾಲಿನವರು ಶಾಲೆಯ ಮಕ್ಕಳ ಹಾಗೆ ಕೈಕಟ್ಟಿ ಕುಳಿತರು. ಟೀಚರ್ ಆ ಮೌನವನ್ನು ತಮಗೆ ಸಾಕೆನಿಸುವಷ್ಟು ಹೊತ್ತು ಇಟ್ಟುಕೊಂಡರು. ಆಮೇಲೆ ನನ್ನ ಕಡೆ ನೋಡಿ ಗಲ್ಲ ಎತ್ತಿದರು. ಶ್ರುತಿ ಕೊಟ್ಟೆ. ರಾಜನ ಹಾಡು ಹಾಡಿದರು, ನೆಲ ನೋಡಲಿಲ್ಲ. ಅಲ್ಲಿಂದ ಮುಂದೆ ಆ ಹಾಲಿನಲ್ಲಿ ನಾನು ಬರೆದ ಜಾಗದಲ್ಲೇ ಜನ ನಕ್ಕರು. ನಾನಂತೂ ಅಳುತ್ತಲೇ ಹಾರ್ಮೋನಿಯಂ ಒತ್ತಿದೆ, ನಾಚಿಕೆಯೇನೂ ಆಗಲಿಲ್ಲ.

ನಾಟಕ ಮುಗಿದ ಮೇಲೆ ಮಕ್ಕಳ ಭಾನುವಾರದ ಪಾಠದ ಕೋಣೆಯಲ್ಲಿ ಬಣ್ಣ ತೆಗೆಯುತ್ತಿದ್ದೆವು. ಅಧ್ಯಕ್ಷರು ಒಳಗೆ ಬಂದು ಟೀಚರ ಎದುರು ಕೈಮುಗಿದರು, ಬಾಯ್ತುಂಬ ಹೊಗಳಿದರು. ಮುಂದಿನ ವರ್ಷ ನಾಟಕ ಸಂಘದ ವೇದಿಕೆಯಲ್ಲೇ ಆಗಬೇಕು ಎಂದರು. ಟೀಚರಿಗೆ ಒಳ್ಳೆಯ ರಾಣಿಯ ಪಾತ್ರ ಬರೆಯಿರಿ ಎಂದು ನನಗೆ ಹೇಳಿದರು, ಬಹುಮಾನ ಕೊಟ್ಟವರ ಸಂತೋಷದಲ್ಲಿ. ನಾನು ಬಾಯಿ ತೆರೆಯುವ ಮೊದಲೇ ಟೀಚರ್ ಕನ್ನಡಿಯಿಂದ ತಿರುಗಿದರು.

“ರಾಣಿಗೆ ನನ್ನ ಸ್ವರ ಹೊಂದುದಿಲ್ಲ ಡಾಕ್ಟ್ರೇ. ರಾಜ ಬೇಕಾದ್ರೆ ಹೇಳಿ, ನಾನು ಬರ್ತೇನೆ.”

ಡಾಕ್ಟರು, ಕಮಿಟಿಯಲ್ಲಿ ಕೇಳಿ ಹೇಳುತ್ತೇನೆ ಎಂದರು. ಅವರು ಕೇಳಿ ಬರಲಿ ಎಂದು ಕಾಯದೆ ನಾವು ಮುಂದಿನ ರಾಜನ ತಾಲೀಮು ಶುರುಮಾಡಿದೆವು.